ಸಹಾಯ ಬೇಕು: ಪೈಥಾನ್ ಕ್ಲಾಸಿಗೆ += ಬೇರೆಯಾಗಿ ಬರೆಯಬೇಕಾ?

ನಿಮಿಷಗಳ ಲೆಕ್ಕಕ್ಕೆ ಪೈಥಾನ್‌ನಲ್ಲಿ ಒಂದು ಕ್ಲಾಸ್ ಬರೆಯುತ್ತಿದ್ದೇನೆ. ಒಳಗೆ ಇರುವುದು ಒಂದೇ ಇಂಟ್ (ಪೂರ್ಣಾಂಕ). ಡಂಡರ್ ಆ್ಯಡ್ (__add__, + ಬಂದಾಗ ಪೈಥಾನ್ ಕರೆಯುವ ಮೆಥಡ್) ಬರೆದ ಮೇಲೆ ಆಬ್ಜೆಕ್ಟ್ + 5 ಸರಿಯಾಗಿ ಬಂತು, 5 + ಆಬ್ಜೆಕ್ಟ್ ಮಾತ್ರ ಟೈಪ್ ಎರರ್. ಎಡಗಡೆಯ 5 ಕೂಡ ಆಬ್ಜೆಕ್ಟೇ, ಅದಕ್ಕೆ ನನ್ನ ಕ್ಲಾಸ್ ಗೊತ್ತಿಲ್ಲ, ಅಲ್ವಾ? ಆರ್‌ಆ್ಯಡ್ (__radd__, ನನ್ನ ಆಬ್ಜೆಕ್ಟ್ ಬಲಗಡೆ ಇದ್ದಾಗ ಕರೆಯುವ ಮೆಥಡ್) ಸೇರಿಸಿದೆ, ಸರಿಹೋಯಿತು. ಎಲ್ಲವನ್ನೂ ಕೂಡಿಸುವ ಸಮ್ ಫಂಕ್ಷನ್ ಕೂಡ ಈಗ ನಡೆಯುತ್ತಿದೆ (ಅದು 0ಯಿಂದ ಶುರು ಮಾಡುತ್ತದಲ್ಲ).

ಈಗಿನ ತಲೆನೋವು +=. ಐಆ್ಯಡ್ (__iadd__, += ಗೆ ಮೀಸಲಾದ ಮೆಥಡ್) ಇಲ್ಲದಿದ್ದರೆ ಪೈಥಾನ್ ಸುಮ್ನೆ ಆ್ಯಡ್ ಅನ್ನೇ ಕರೆದು ಹೊಸ ಆಬ್ಜೆಕ್ಟ್ ಕೊಡುತ್ತದೆ, ಇಂಟ್ ಥರಾನೇ. ಐಆ್ಯಡ್ ಬರೆದು ಹಳೆಯದನ್ನೇ ಬದಲಿಸಿದರೆ ಆ ಇಂಟ್‌ನಿಂದ ಲೆಕ್ಕ ಹಾಕುವ ಹ್ಯಾಶ್ (ಡಿಕ್ಷನರಿ ಕೀ ಹುಡುಕಲು ಬಳಸುವ ಸಂಖ್ಯೆ) ಕೂಡ ಬದಲಾಗುತ್ತದೆ. ನನಗೆ ಇವು ಡಿಕ್ಷನರಿಯ ಕೀಗಳಾಗಿ ಬೇಕು. ಹಾಗಾಗಿ ಐಆ್ಯಡ್ ಬೇಡ ಅನಿಸುತ್ತಿದೆ. ಆದರೆ ದೊಡ್ಡ ಲೂಪಿನಲ್ಲಿ ಪ್ರತಿ ಸಲ ಹೊಸ ಆಬ್ಜೆಕ್ಟ್ ಆದರೆ ಜಾಸ್ತಿ ನಿಧಾನವಾಗುತ್ತಾ? ಮಾಡಿ ನೋಡಿದವರು ಹೇಳಿ.