ಪದಚರ್ಚೆ: ‘ಮೆಟಾ ಟ್ಯಾಗ್’ಗೆ ಕನ್ನಡದಲ್ಲಿ ಏನನ್ನೋಣ?

ಚಿಕ್ಕಮಗಳೂರಿನಿಂದ:
ಹೋಂಸ್ಟೇ ನಡೆಸುವವರಿಗಾಗಿ ಜಾಲಪುಟ ಕಟ್ಟುವ ಕೈಪಿಡಿಯೊಂದರ ಅನುವಾದ ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಪುಟದ ಬಗ್ಗೆ ಮಾಹಿತಿ ಕೊಡುವ ಕೋಡಿನ ಸಾಲಾದ ‘ಮೆಟಾ ಟ್ಯಾಗ್’, ಅದರಲ್ಲಿ ಪುಟದ ಸಾರ ಹೇಳುವ ‘ಮೆಟಾ ಡಿಸ್ಕ್ರಿಪ್ಷನ್’ ಎರಡಕ್ಕೂ ಪದ ಬೇಕು. ಸದ್ಯಕ್ಕೆ ‘ಅಧಿಸೂಚಕ’ ಎಂದು ಬರೆದಿದ್ದೇನೆ.

ಹಾಸನದಿಂದ:
ಅಧಿಸೂಚಕ ಬೇಡವೇ ಬೇಡ, ಸರ್ಕಾರದ ಅಧಿಸೂಚನೆ ಅಂದುಕೊಳ್ಳುತ್ತಾರೆ. ಗ್ರೀಕಿನ ‘ಮೆಟಾ’ಗೆ ‘ಆಮೇಲೆ’, ‘ಆಚೆ’ ಎಂಬ ಅರ್ಥಗಳಿವೆ. ನಮ್ಮ ‘ಮೇಲೆ’ಗೂ ಆ ಹರವು ಇದೆ: ಅಟ್ಟದ ಮೇಲೆ, ಉಂಡ ಮೇಲೆ. ‘ಮೇಲ್ಗುರುತು’ ಎನ್ನಿ. ಮೇಲ್ಮನವಿ, ಮೇಲ್ವಿಚಾರಣೆ ಬಳಸುವವರಿಗೆ ಇದೇನು ಕಷ್ಟವಲ್ಲ.

ಬೇಲೂರಿನಿಂದ:
ಒಪ್ಪುವುದಿಲ್ಲ. ಈ ಟ್ಯಾಗ್ ಪುಟದ ಮೇಲೂ ಕಾಣದು, ಆಮೇಲೂ ಬರದು. ಕೋಡಿನ ಆರಂಭದ ‘ಹೆಡ್’ ಭಾಗದೊಳಗಿದ್ದು ಪುಟ ಎಂಥದ್ದೆಂದು ಬ್ರೌಸರಿಗೂ ಗೂಗಲ್‌ಗೂ ತಿಳಿಸುತ್ತದೆ. ಕೋಡಿನಲ್ಲಿ ಓದುಗರಿಗೆ ಸಿಗುವುದು ‘ಮೆಟಾ’, ಅದನ್ನು ಹಾಗೇ ಬಿಡಿ. ಡಿಸ್ಕ್ರಿಪ್ಷನ್‌ಗೆ ‘ಪುಟದ ವಿವರಣೆ’ ಸಾಕು, ಮಾಲೀಕರು ಬರೆಯಬೇಕಾದದ್ದೂ ಅದನ್ನೇ.

ಕೈಪಿಡಿಯಲ್ಲಿ ಟ್ಯಾಗಿನೊಳಗೆ ಹೆಸರನ್ನೂ ಮಾಹಿತಿಯನ್ನೂ ಸೂಚಿಸುವ ‘ನೇಮ್’, ‘ಕಂಟೆಂಟ್’ ಪದಗಳನ್ನು ಮಾತ್ರ ಅನುವಾದಿಸಬೇಡಿ, ಬ್ರೌಸರ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕನ್ನಡವೇನಿದ್ದರೂ ಕಂಟೆಂಟಿನ ಉದ್ಧರಣ ಚಿಹ್ನೆಗಳ ಒಳಗೆ. ವರ್ಡ್‌ನಿಂದ ಅಂಟಿಸುವಾಗ ನೇರ ಚಿಹ್ನೆಯ (") ಬದಲು ಬಾಗಿದ ಚಿಹ್ನೆ (“ ”) ಬಂದುಬಿಟ್ಟರೆ ವಿವರಣೆ ಮೊದಲ ಖಾಲಿ ಜಾಗಕ್ಕೇ ಮುಗಿದುಹೋಗುತ್ತದೆ. ಅಕ್ಷರಗಳನ್ನು ಕಡತದಲ್ಲಿ ಸಂಕೇತಿಸುವ ಕ್ರಮ ಯುಟಿಎಫ್-8 ಎಂದು ಸಾರುವ ಚಾರ್‌ಸೆಟ್ ಮೆಟಾ ಹೆಡ್‌ನ ಮೊದಲ ಸಾಲಲ್ಲೇ ಇರಲಿ. ಕಡತದ ಮೊದಲ 1024 ಬೈಟುಗಳೊಳಗೆ ಅದು ಸಿಗಬೇಕು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು, ಮೂರು ಸಂಕೇತಗಳ ‘ಕ್ಷ’ ಒಂದಕ್ಕೇ 9. ಉದ್ದನೆಯ ಶೀರ್ಷಿಕೆ, ವಿವರಣೆಗಳನ್ನು ಮೊದಲಿಟ್ಟರೆ ಚಾರ್‌ಸೆಟ್ ಆ ಗಡಿ ದಾಟುತ್ತದೆ, ಅಕ್ಷರಗಳು ಗೋಜಲಾಗಬಹುದು. ಹುಡುಕುಪದಗಳ ಪಟ್ಟಿ ಕೊಡುವ ಕೀವರ್ಡ್ಸ್ ಮೆಟಾ ಬಗ್ಗೆ ಪಾಠವಿದ್ದರೆ ತೆಗೆಸಿ. ಹುಡುಕಾಟದ ಶ್ರೇಣಿಗೆ ಅದನ್ನು ಬಳಸುವುದಿಲ್ಲವೆಂದು ಗೂಗಲ್ 2009ರಲ್ಲೇ ಹೇಳಿದೆ.

ಹಾಸನದಿಂದ:
ಕೋಡಿನ ಮಾತಿಗೆ ತಕರಾರಿಲ್ಲ. ಆದರೆ ಹೀಗೆ ಒಂದೊಂದನ್ನೇ ಬಿಡುತ್ತ ಹೋದರೆ ಕನ್ನಡದ್ದೆಂದು ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ಬೇಲೂರಿನಿಂದ:
ಕಾಫಿತೋಟದಲ್ಲಿ ಲೆಕ್ಕ ಬರೆಯುವವರನ್ನು ರೈಟರು, ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರವನ್ನು ಪಲ್ಪರು ಎನ್ನುತ್ತಲೇ ಬಂದಿದ್ದೇವೆ, ಭಾಷೆ ಸೊರಗಿಲ್ಲ. ಕಾಫಿ ಅನ್ನುವುದೂ ಹೊರಗಿನ ಪದವೇ.

ಹಾಸನದಿಂದ:
ಕಾಫಿ ಬೆಳೆಯ ಜೊತೆಗೇ ಬಂದ ಹೆಸರು. ‘ಗುರುತು’ ಟ್ಯಾಗ್ ಬರುವ ಮೊದಲೇ ನಮ್ಮಲ್ಲಿತ್ತು. ಇರುವುದನ್ನು ಬಿಟ್ಟು ತರುವುದಕ್ಕೆ ನನ್ನ ವಿರೋಧ.

ಚಿಕ್ಕಮಗಳೂರಿನಿಂದ:
ಇಬ್ಬರಿಗೂ ಧನ್ಯವಾದ ಸಾರ್. ‘ಮೆಟಾ ಟ್ಯಾಗ್’, ‘ಪುಟದ ವಿವರಣೆ’ ಎಂದೇ ಹಾಕುತ್ತೇನೆ. ಪುಟವನ್ನು ಪರದೆಯ ಅಗಲಕ್ಕೆ ಹೊಂದಿಸುವ ‘ವ್ಯೂಪೋರ್ಟ್’ ಮೆಟಾಗೆ?

ಬೇಲೂರಿನಿಂದ:
ವ್ಯೂಪೋರ್ಟ್ ಅಂತಲೇ ಬರೆಯಿರಿ. ಆ ಸಾಲು ಬಿಟ್ಟುಹೋದರೆ ಮೊಬೈಲ್ ಪುಟವನ್ನು ಸಾಮಾನ್ಯವಾಗಿ 980 ಪಿಕ್ಸೆಲ್ ಅಗಲಕ್ಕೆ ಹರಡಿ ಕುಗ್ಗಿಸಿ ತೋರಿಸುತ್ತದೆ, ಕೋಣೆ ಬಾಡಿಗೆಯ ಅಂಕಿ ಓದಲಾಗದು. ಅದರಲ್ಲಿ ಅಗಲಕ್ಕೆ ‘ಡಿವೈಸ್-ವಿಡ್ತ್’ (ಸಾಧನದ ಅಗಲ), ‘ಇನಿಷಿಯಲ್-ಸ್ಕೇಲ್’ಗೆ (ಆರಂಭದ ಹಿಗ್ಗಿಕೆ) 1 ಎಂದು ಕೊಡಿ. ಇವೆರಡನ್ನೂ ಕೋಡಿನಲ್ಲಿ ಇಂಗ್ಲಿಷ್ ಲಿಪಿಯಲ್ಲೇ ಬಿಡಿ.