ಲಸಿಕೆ, ಡ್ರಾವೆ ಸಿಂಡ್ರೋಮ್ ಮತ್ತು ಅಮೆರಿಕದ ಪರಿಹಾರ ಕಾನೂನು: ಭಾವನವರ ಪ್ರಶ್ನೆಗೆ ಉತ್ತರ

ಭಾವನವರಿಗೆ ನಮಸ್ಕಾರಗಳು. ನ್ಯೂಜೆರ್ಸಿಯಲ್ಲಿರುವ ನಿಮ್ಮ ಮೊಮ್ಮಗಳಿಗೆ ಆರನೇ ತಿಂಗಳ ಲಸಿಕೆ ಹಾಕಿಸಿದ ರಾತ್ರಿಯೇ ಜ್ವರ ಬಂದು ಮೊದಲ ಸಲ ಫಿಟ್ಸ್ ಕಾಣಿಸಿತೆಂದೂ, ಈಗ ಜೀನ್ ಪರೀಕ್ಷೆಯಲ್ಲಿ ಅದು ಡ್ರಾವೆ ಸಿಂಡ್ರೋಮ್ ಎಂಬ ಮೂರ್ಛೆರೋಗವೆಂದು ಗೊತ್ತಾಗಿದೆಯೆಂದೂ ತಿಳಿಸಿದ್ದೀರಿ. ಬಂದ ಹಣದಲ್ಲಿ ಮೂರರಲ್ಲೊಂದು ಪಾಲು ಕೊಟ್ಟರೆ ಲಸಿಕೆ ಕಂಪನಿಯಿಂದ ಪರಿಹಾರ ಕೊಡಿಸುವುದಾಗಿ ಒಬ್ಬ ವಕೀಲರು ಹೇಳಿದ್ದಾರೆ, ಏನು ಮಾಡೋಣ ಎಂದೂ ಕೇಳಿದ್ದೀರಿ. ಇಲ್ಲಿ ಅಮೆರಿಕದಲ್ಲಿ ಕೋರ್ಟಿನ ಕಾಗದಪತ್ರ ಓದುವುದೇ ನನ್ನ ಉದ್ಯೋಗವಾದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಸಂದೇಶ ದೀರ್ಘವಾಗುತ್ತದೆ, ಬಿಡುವಾದಾಗ ಅಕ್ಕನೂ ನೀವೂ ಕೂತು ಕೇಳಿ.

ಮೊದಲು ಆ ವಕೀಲರ ವಿಷಯ. ಅಮೆರಿಕದಲ್ಲಿ ಮಕ್ಕಳ ಲಸಿಕೆಯಿಂದ ಹಾನಿಯಾಯಿತೆಂದು ನೇರವಾಗಿ ಕಂಪನಿಯ ಮೇಲೆ ದಾವೆ ಹೂಡಲು ಬರುವುದಿಲ್ಲ. 1986ರಲ್ಲಿ ಆದ ಕಾನೂನಿನಂತೆ 1988ರಿಂದ ಒಂದು ಪ್ರತ್ಯೇಕ ವ್ಯವಸ್ಥೆಯಿದ್ದು, ಅರ್ಜಿಯನ್ನು ಇಲ್ಲಿನ ಆರೋಗ್ಯ ಇಲಾಖೆಯ ಕಾರ್ಯದರ್ಶಿಯ ವಿರುದ್ಧ ವಾಷಿಂಗ್ಟನ್ನಿನ ಫೆಡರಲ್ ಕ್ಲೇಮ್ಸ್ ಕೋರ್ಟಿಗೆ ಸಲ್ಲಿಸಬೇಕು. ಸ್ಪೆಷಲ್ ಮಾಸ್ಟರ್ ಎಂಬ ಅಧಿಕಾರಿಗಳು ವಿಚಾರಣೆ ನಡೆಸುತ್ತಾರೆ. ಲಸಿಕೆಯ ಪ್ರತಿ ಡೋಸಿನ ಮೇಲೆ, ಅದು ತಡೆಯುವ ಒಂದೊಂದು ರೋಗಕ್ಕೆ 75 ಸೆಂಟಿನಂತೆ ವಸೂಲಾಗುವ ತೆರಿಗೆಯಿಂದ ಪರಿಹಾರದ ನಿಧಿ ತುಂಬುತ್ತದೆ. ವಕೀಲರ ಶುಲ್ಕವನ್ನೂ ಕೋರ್ಟೇ ನಿಗದಿ ಮಾಡುತ್ತದೆ. ಅರ್ಜಿ ಪ್ರಾಮಾಣಿಕವಾಗಿದ್ದು ಅದಕ್ಕೆ ತಕ್ಕ ಆಧಾರವಿದ್ದರೆ, ಸೋತರೂ ಅದನ್ನು ನಿಧಿಯಿಂದಲೇ ಕೊಡಬಹುದು. ಅದರ ಮೇಲೆ ಕಕ್ಷಿದಾರರ ಹಣದಲ್ಲಿ ಪಾಲು ಕೇಳುವುದನ್ನು ಕಾನೂನು ನಿಷೇಧಿಸಿದೆ. ಹಾಗಿರುವಾಗ ಮೂರರಲ್ಲೊಂದು ಪಾಲು ಕೇಳಿದವರಿಗೆ ಈ ಕಾನೂನು ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಕೇಳುತ್ತಿದ್ದಾರೆ. ಎರಡರಲ್ಲಿ ಯಾವುದಾದರೂ ಅವರಿಂದ ದೂರವಿರುವುದೇ ಲೇಸು.

ಈಗ ರೋಗದ ವಿಷಯ. ಫ್ರಾನ್ಸಿನ ಡಾಕ್ಟರ್ ಶಾರ್ಲೆಟ್ ಡ್ರಾವೆ ಈ ಬಗೆಯ ಮೂರ್ಛೆರೋಗವನ್ನು 1978ರಲ್ಲಿ ಗುರುತಿಸಿದರು. ಮಿದುಳಿನ ನರಕೋಶಗಳಲ್ಲಿ ಸೋಡಿಯಂ ಹರಿವಿನ ದಾರಿಯನ್ನು ರೂಪಿಸುವ ಎಸ್‌ಸಿಎನ್‌1ಎ ಎಂಬ ಜೀನಿನ ದೋಷವೇ ಇದಕ್ಕೆ ಕಾರಣವೆಂದು 2001ರಲ್ಲಿ ತಿಳಿಯಿತು. ಬಹುಪಾಲು ಮಕ್ಕಳಲ್ಲಿ ಈ ದೋಷ ತಂದೆತಾಯಿಯಿಂದ ಬಂದಿರುವುದಿಲ್ಲ, ಮಗುವಿನಲ್ಲೇ ಹೊಸದಾಗಿ ಉಂಟಾಗಿರುತ್ತದೆ. ಆದ್ದರಿಂದ "ನಮ್ಮ ಮನೆತನದಲ್ಲಿ ಯಾರಿಗೂ ಫಿಟ್ಸ್ ಇರಲಿಲ್ಲ" ಎಂಬ ಮಾತು ಜೀನ್ ಕಾರಣವನ್ನು ಅಲ್ಲಗಳೆಯುವುದಿಲ್ಲ. (ಬೀಗರ ಕಡೆಯಿಂದ ಬಂತೋ ನಮ್ಮ ಕಡೆಯಿಂದ ಬಂತೋ ಎಂಬ ಚರ್ಚೆಯನ್ನೂ ದಯವಿಟ್ಟು ಇಲ್ಲಿಗೇ ನಿಲ್ಲಿಸೋಣ.) ಜ್ವರ ಬಂದರೆ, ಕೆಲವೊಮ್ಮೆ ಬಿಸಿನೀರಿನ ಸ್ನಾನ ಮಾಡಿಸಿದರೂ ಈ ಮಕ್ಕಳಿಗೆ ಫಿಟ್ಸ್ ಬರುತ್ತದೆ. ರೋಗ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಮೊದಲ ವರ್ಷದಲ್ಲಿ, ಅಂದರೆ ಲಸಿಕೆಗಳನ್ನು ಹಾಕಿಸುವ ತಿಂಗಳುಗಳಲ್ಲೇ.

ಲಸಿಕೆಯಿಂದ ಮಿದುಳಿಗೆ ಪೆಟ್ಟಾಗಿದೆ ಎಂದು ನಂಬಲಾಗಿದ್ದ 14 ಮಂದಿಯನ್ನು ಆಸ್ಟ್ರೇಲಿಯಾದ ಸ್ಯಾಮ್ಯುಯೆಲ್ ಬರ್ಕೋವಿಕ್ ಅವರ ತಂಡ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ವರದಿ ಕೋರ್ಟುಗಳ ಯೋಚನೆಯನ್ನೇ ಬದಲಿಸಿತು. ಅವರಲ್ಲಿ 11 ಮಂದಿಗೆ ಈ ಜೀನಿನ ದೋಷವಿತ್ತು. 2010ರಲ್ಲಿ ಅಲ್ಲಿನ ಸಂಶೋಧಕರೇ, ಲಸಿಕೆಯ ಆಸುಪಾಸಿನ ದಿನಗಳಲ್ಲಿ ಫಿಟ್ಸ್ ಆರಂಭವಾದ 12 ಡ್ರಾವೆ ಮಕ್ಕಳನ್ನು ಉಳಿದ ಡ್ರಾವೆ ಮಕ್ಕಳೊಂದಿಗೆ ಹೋಲಿಸಿ ನೋಡಿದರು. ಆ ಮಕ್ಕಳಿಗೆ ಫಿಟ್ಸ್ ಕೆಲವು ವಾರ ಮೊದಲೇ ಕಾಣಿಸಿತ್ತು, ಆದರೆ ಮುಂದಿನ ಬೆಳವಣಿಗೆಯಲ್ಲಿ ವ್ಯತ್ಯಾಸವೇನೂ ಇರಲಿಲ್ಲ. ಭಾವ, ನಿಮ್ಮ ಪ್ರಶ್ನೆಯ ತಿರುಳಿರುವುದು ಇಲ್ಲಿಯೇ. ಲಸಿಕೆಯಿಂದ ಬಂದ ಜ್ವರ ಆ ರಾತ್ರಿಯ ಫಿಟ್ಸಿಗೆ ನೆಪವಾಗಿರಬಹುದು, ಅದನ್ನು ಯಾರೂ ಅಲ್ಲಗಳೆಯಬೇಕಿಲ್ಲ. ಆದರೆ ಕೋರ್ಟು ಕೇಳುವ ಪ್ರಶ್ನೆ ಬೇರೆ: ಆ ದಿನ ಲಸಿಕೆ ಹಾಕಿಸದೇ ಇದ್ದಿದ್ದರೆ ಈ ಮಗುವಿನ ಇಂದಿನ ಸ್ಥಿತಿ ಬೇರೆಯಾಗಿರುತ್ತಿತ್ತೇ?

ಇಂಥದ್ದೇ ಎರಡು ಕುಟುಂಬಗಳ ಅರ್ಜಿಗಳಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ 2012ರಲ್ಲಿ, ಜೀನಿನ ದೋಷವೇ ರೋಗಕ್ಕೆ ಕಾರಣವೆಂಬ ತೀರ್ಪನ್ನು ಎತ್ತಿಹಿಡಿಯಿತು. 2018ರಲ್ಲಿ ಇನ್ನೊಂದು ಕುಟುಂಬಕ್ಕೂ ಅದೇ ಗತಿಯಾಯಿತು, ಆದರೆ ನ್ಯಾಯಾಧೀಶೆ ಪಾಲಿನ್ ನ್ಯೂಮನ್ ಆಗ ಭಿನ್ನಮತ ಬರೆದರು. ಕಂಪನಿಯ ಮೇಲೆಯೇ ಹೋಗುತ್ತೇವೆ ಎಂದರೆ, ಲಸಿಕೆಯ ವಿನ್ಯಾಸ ಸರಿಯಿಲ್ಲವೆಂಬ ದಾವೆಗೆ 1986ರ ಕಾನೂನು ಅವಕಾಶ ಕೊಡುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿಬಿಟ್ಟಿದೆ. ಆ ಪ್ರಕರಣದ ಮಗುವಿಗೂ ಡಿಪಿಟಿ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯುಗಳ ಲಸಿಕೆ) ಹಾಕಿಸಿದ ಒಂದು ದಿನದೊಳಗೆ ಫಿಟ್ಸ್ ಬಂದಿತ್ತು. ಪುರಾವೆಯಿಲ್ಲದೆಯೇ ಲಸಿಕೆಯ ಹಾನಿಯೆಂದು ಒಪ್ಪಿಕೊಳ್ಳಲಾಗುವ ಕಾಯಿಲೆಗಳ ಪಟ್ಟಿಯಿಂದ ಮೂರ್ಛೆರೋಗವನ್ನು 1995ರಲ್ಲಿ ಕೈಬಿಟ್ಟ ಮರುತಿಂಗಳೇ ಆ ಕುಟುಂಬ ಅರ್ಜಿ ಹಾಕಿತ್ತು. ತೀರ್ಪುಗಳು ವೈದ್ಯವಿಜ್ಞಾನದ ಪ್ರಕಾರ ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ಇಂಥ ಮಗುವನ್ನು ಜೀವನವಿಡೀ ನೋಡಿಕೊಳ್ಳುವ ಖರ್ಚಿಗೆ, ಯಾರ ತಪ್ಪೆಂದು ಸಾಬೀತು ಮಾಡದೆ ಸಹಾಯ ಸಿಗುವ ದಾರಿ ಇಷ್ಟು ಕಿರಿದಾಗಿರಬಾರದಿತ್ತು ಎಂದೂ ಅನಿಸುತ್ತದೆ.

ಹಾಗಾದರೆ ಈಗ ಮಾಡಬೇಕಾದದ್ದೇನು? ಅರ್ಜಿ ಹಾಕಲು ಮೊದಲ ಲಕ್ಷಣ ಕಂಡ ದಿನದಿಂದ ಮೂರು ವರ್ಷ ಮಾತ್ರ ಅವಕಾಶವಿರುವುದರಿಂದ, ನಿಮ್ಮ ಮಗಳು ಆ ದಿನಾಂಕ ನಮೂದಾಗಿರುವ ಆಸ್ಪತ್ರೆಯ ಕಾಗದಗಳನ್ನೂ ಜೀನ್ ವರದಿಯನ್ನೂ ಒಟ್ಟಿಗೆ ಇಟ್ಟುಕೊಂಡು, ಈ ವ್ಯವಸ್ಥೆಯಲ್ಲೇ ಕೆಲಸ ಮಾಡುವ ವಕೀಲರನ್ನು ಒಮ್ಮೆ ಕೇಳಲಿ. ಗೆಲ್ಲುವ ಸಾಧ್ಯತೆ ತೀರಾ ಕಡಿಮೆ ಎಂಬುದನ್ನು ತಿಳಿದೇ ಕೇಳಲಿ. ಅದಕ್ಕಿಂತ ತುರ್ತಾದ ಕೆಲಸ ಔಷಧಿಯದು. ಕಾರ್ಬಮಜೆಪೈನ್, ಲ್ಯಾಮೋಟ್ರಿಜಿನ್, ಫೆನಿಟಾಯಿನ್‌ಗಳಂಥ ಮಾಮೂಲಿ ಫಿಟ್ಸ್ ಔಷಧಿಗಳು ಡ್ರಾವೆಯಲ್ಲಿ ಫಿಟ್ಸನ್ನು ಹೆಚ್ಚಿಸಬಲ್ಲವು. ಇವುಗಳಲ್ಲಿ ಯಾವುದನ್ನಾದರೂ ಕೊಡುತ್ತಿದ್ದರೆ, ತಾವಾಗಿಯೇ ನಿಲ್ಲಿಸದೆ, ಇಂದೇ ಮಕ್ಕಳ ನರರೋಗ ತಜ್ಞರಿಗೆ ಫೋನ್ ಮಾಡಲಿ. ಮುಂದಿನ ಲಸಿಕೆಗಳನ್ನು ನಿಲ್ಲಿಸಿಬಿಡೋಣ ಎಂದು ನಮ್ಮ ಕುಟುಂಬದ ಗುಂಪಿನಲ್ಲಿ ಕೆಲವರು ಬರೆದಿದ್ದಾರೆ, ಅದು ಬೇಡ. ದಡಾರದಂಥ ರೋಗ ಬಂದರೆ ಲಸಿಕೆಯ ಜ್ವರಕ್ಕಿಂತ ದೊಡ್ಡ ಜ್ವರವೇ ಆ ಮಗುವಿಗೆ ಬರುತ್ತದೆ. ಲಸಿಕೆ ಹಾಕಿಸಿದ ದಿನ ಜ್ವರಕ್ಕೆ ಯಾವ ಔಷಧಿ ಎಷ್ಟು ಕೊಡಬೇಕು, ಫಿಟ್ಸ್ ಐದು ನಿಮಿಷ ದಾಟಿದರೆ ಮನೆಯಲ್ಲೇ ಕೊಡುವ ಮಿಡಜೋಲಾಮ್‌ನಂಥ ತುರ್ತು ಔಷಧಿ ಯಾವುದು ಎಂಬುದನ್ನು ಡಾಕ್ಟರಿಂದ ಬರೆಸಿಕೊಂಡು ಫ್ರಿಜ್ಜಿನ ಮೇಲೆ ಅಂಟಿಸಿಡಲಿ. ಆ ಚೀಟಿಯ ಫೋಟೋವನ್ನು ನನಗೂ ಕಳುಹಿಸಲು ಹೇಳಿ, ವಾರಾಂತ್ಯಗಳಲ್ಲಿ ಮಗುವನ್ನು ನೋಡಿಕೊಳ್ಳಲು ಹೋಗುವವಳು ನಾನೇ.