ಯೂರೋ ಇಳಿಯುತ್ತದೆ ಅಂತ ಮಾಡೆಲ್ ಹೇಳಿದರೆ ನಂಬಿ ಕಾಯಬಹುದಾ?

ಪ್ರಶ್ನೆ: ಸರ್, ಆರು ತಿಂಗಳ ನಂತರ ನಾನು ಯೂರೋದಲ್ಲಿ ದೊಡ್ಡ ಮೊತ್ತ ಕಟ್ಟಬೇಕು. ಕೈಯಲ್ಲಿರುವುದು ಡಾಲರ್. ಬಡ್ಡಿ, ಹಣದುಬ್ಬರ, ಆಮದು-ರಫ್ತು ಎಲ್ಲ ಸೇರಿಸಿದ ಒಂದು ಮಾಡೆಲ್ ಸಿಕ್ಕಿದೆ. ಹಿಂದಿನ ಹತ್ತು ವರ್ಷದ ರೇಟಿಗೆ ಅದರ ಗೆರೆ ಪಕ್ಕಾ ಹೊಂದುತ್ತದೆ. ಯೂರೋ ಅಗ್ಗವಾಗುತ್ತದೆ ಅನ್ನುತ್ತಿದೆ. ಕಾಯಲಾ?

ಉತ್ತರ: ಆ ಗೆರೆ ನಂಬಿ ಕಾಯಬೇಡಿ. ಆಗಿಹೋದ ರೇಟಿಗೆ ಹೊಂದುವ ಗೆರೆ ಎಳೆಯುವುದು ಸುಲಭ. ಕೊನೆಯ ಮೂರು ವರ್ಷದ ಅಂಕಿಗಳನ್ನು ಮುಚ್ಚಿಡಿ. ಉಳಿದ ಏಳು ವರ್ಷದಿಂದಲೇ ಮಾಡೆಲ್ ಕಟ್ಟಿ, ಮುಚ್ಚಿಟ್ಟದ್ದನ್ನು ಹೇಳಿಸಿ. ಪಕ್ಕದಲ್ಲಿ ಇನ್ನೊಂದು ಊಹೆ ಬರೆಯಿರಿ: 'ಆರು ತಿಂಗಳಾದ ಮೇಲೂ ಇವತ್ತಿನ ರೇಟೇ.' ಯಾವುದರ ತಪ್ಪು ಜಾಸ್ತಿ ನೋಡಿ.

1983ರಲ್ಲಿ ರಿಚರ್ಡ್ ಮೀಸ್ ಮತ್ತು ಕೆನೆತ್ ರೋಗಾಫ್ ಅನ್ನುವ ಅರ್ಥಶಾಸ್ತ್ರಜ್ಞರು ಇಂಥದ್ದೇ ಪರೀಕ್ಷೆ ಮಾಡಿದ್ದರು. ಡಾಲರ್ ಎದುರು ಜರ್ಮನಿಯ ಮಾರ್ಕ್, ಜಪಾನಿನ ಯೆನ್, ಬ್ರಿಟನ್ನಿನ ಪೌಂಡ್. ಒಂದು ತಿಂಗಳಿಂದ ಒಂದು ವರ್ಷದವರೆಗಿನ ಊಹೆ. ಆ ಕಾಲದ ಹೆಸರಾಂತ ಮಾಡೆಲ್‌ಗಳಿಗೆ 'ಇವತ್ತಿನ ರೇಟೇ' ಅನ್ನುವ ಊಹೆಯನ್ನು ಸೋಲಿಸಲು ಆಗಲಿಲ್ಲ. ನನಗೆ ಇವತ್ತಿಗೂ ಬೆರಗು ಹುಟ್ಟಿಸುವುದು ಒಂದಿದೆ. ಮುಂದೆ ಬಡ್ಡಿ ಎಷ್ಟಾಯಿತು, ಹಣದ ಪೂರೈಕೆ ಎಷ್ಟಾಯಿತು ಅನ್ನುವ ನಿಜವಾದ ಅಂಕಿಗಳನ್ನೇ ಅವರು ಮಾಡೆಲ್‌ಗೆ ಕೊಟ್ಟಿದ್ದರು. ಪ್ರಶ್ನೆಪತ್ರಿಕೆ ಮೊದಲೇ ಕೈಗೆ ಕೊಟ್ಟ ಹಾಗೆ. ಆದರೂ ಪಾಸಾಗಲಿಲ್ಲ.

ಯಾಕೆ ಅಂದರೆ, ಎಲ್ಲರಿಗೂ ಗೊತ್ತಿರುವ ಸುದ್ದಿ ರೇಟಿನಲ್ಲಿ ಆಗಲೇ ಸೇರಿರುತ್ತದೆ. ಒಂದು ದೇಶದಲ್ಲಿ ಬಡ್ಡಿ ಏರುವುದು ಖಚಿತ ಅನ್ನಿಸಿದರೆ ಜನ ಅದರ ಹಣವನ್ನು ಇವತ್ತೇ ಕೊಳ್ಳುತ್ತಾರೆ, ನಾಳೆಗೆ ಕಾಯುವುದಿಲ್ಲ. ರೇಟನ್ನು ಅಲ್ಲಾಡಿಸುವುದು ಯಾರೂ ಎಣಿಸದ ಸುದ್ದಿ. ಒಂದು ಯೂರೋ 1.20 ಸ್ವಿಸ್ ಫ್ರಾಂಕ್‌ಗಿಂತ ಕೆಳಗಿಳಿಯದಂತೆ ಸ್ವಿಟ್ಜರ್ಲೆಂಡಿನ ಕೇಂದ್ರ ಬ್ಯಾಂಕಾದ ಸ್ವಿಸ್ ನ್ಯಾಷನಲ್ ಬ್ಯಾಂಕ್ ಮೂರು ವರ್ಷಕ್ಕೂ ಜಾಸ್ತಿ ಕಾಲ ಕಾಯ್ದಿತ್ತು. 2015ರ ಜನವರಿ 15ರಂದು ದಿಢೀರನೆ ಕೈಬಿಟ್ಟಿತು. ಅವತ್ತೇ ಯೂರೋ ಒಂದು ಫ್ರಾಂಕಿನ ಹತ್ತಿರಕ್ಕೆ ಕುಸಿಯಿತು.

ಮರುಪ್ರಶ್ನೆ: ಹಾಗಾದರೆ ಈ ಮಾಡೆಲ್‌ಗಳೆಲ್ಲ ಸುಮ್ನೆ ಅಲ್ವಾ? ಮುಂದೊಂದು ದಿನದ ವಿನಿಮಯಕ್ಕೆ ಬ್ಯಾಂಕ್ ಇವತ್ತೇ ಹೇಳುವ ಫಾರ್ವರ್ಡ್ ರೇಟ್ ಕೂಡ ಊಹೆನಾ?

ಉತ್ತರ: ಸುಮ್ನೆ ಅಲ್ಲ. ಒಂದು ದೇಶದಲ್ಲಿ ಬೆಲೆಗಳು ವರ್ಷಗಟ್ಟಲೆ ಬೇರೆಡೆಗಿಂತ ವೇಗವಾಗಿ ಏರಿದರೆ ಅದರ ಹಣ ಇಳಿಯುವ ಕಡೆಗೇ ವಾಲುತ್ತದೆ. ಆದರೆ ಎರಡು ದೇಶಗಳ ಬೆಲೆ ಹೋಲಿಸಿದ ಲೆಕ್ಕದಿಂದ ದೂರ ಸರಿದ ರೇಟ್ ಅರ್ಧ ದಾರಿ ವಾಪಸ್ ಬರಲು ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಹಿಡಿಯುತ್ತದೆ ಅನ್ನುತ್ತವೆ ಅಧ್ಯಯನಗಳು. ನಿಮ್ಮ ಹತ್ತಿರ ಇರುವುದು ಆರು ತಿಂಗಳು.

ಫಾರ್ವರ್ಡ್ ರೇಟ್ ಬರೀ ಬಡ್ಡಿಯ ಲೆಕ್ಕ. ಇವತ್ತು ಯೂರೋಗೆ 1.10 ಡಾಲರ್ ಅಂದುಕೊಳ್ಳಿ. ವರ್ಷದ ಬಡ್ಡಿ ಡಾಲರ್‌ಗೆ ಶೇ 5, ಯೂರೋಗೆ ಶೇ 3. 1.10ನ್ನು 1.05ರಿಂದ ಗುಣಿಸಿ, 1.03ರಿಂದ ಭಾಗಿಸಿ. ಸುಮಾರು 1.12, ಒಂದು ವರ್ಷದ ಫಾರ್ವರ್ಡ್. ಇದರಲ್ಲಿ ಯಾರೂ ಭವಿಷ್ಯ ನೋಡಿಲ್ಲ. ಆದರೆ ನಿಮಗೆ ಬೇಕಾದದ್ದು ಇದರಲ್ಲಿದೆ: ರೇಟ್ ಇವತ್ತೇ ಗಟ್ಟಿಯಾಗುತ್ತದೆ. ಕಟ್ಟಲೇಬೇಕಾದ ಹಣವಲ್ವಾ, ಅರ್ಧವನ್ನಾದರೂ ಹೀಗೆ ಗಟ್ಟಿ ಮಾಡಿಕೊಳ್ಳಿ. ಉಳಿದದ್ದನ್ನು ತಿಂಗಳಿಗಿಷ್ಟು ಅಂತ ಕೊಳ್ಳಿ.

ಕೇಳಿದವರು: ಮೂರು ವರ್ಷ ಮುಚ್ಚಿಟ್ಟು ನೋಡಿದೆ ಸರ್. ಹೆಚ್ಚಿನ ತಿಂಗಳು 'ಇವತ್ತಿನ ರೇಟೇ' ಹತ್ತಿರ ಬಂತು. ಅರ್ಧಕ್ಕೆ ಫಾರ್ವರ್ಡ್ ಕೇಳುತ್ತೇನೆ.